ಬುದ್ಧನ ಪುಸ್ತಕ ಮತ್ತು ಅಪ್ಪನ ಸೀನು

ಮೊಮ್ಮಗ ಇವತ್ತು ಗಾದಿ ಹರಿದು ಹತ್ತಿ ಹಾರಿಸಿದ. ಬೈಯಲು ಬಾಯಿ ತೆಗೆದರೆ ಸೀನು ಬಂತು, ಜೊತೆಗೆ ಆದೋನಿಯ ನಮ್ಮ ಹತ್ತಿ ಕೋಣೆಯೂ ನೆನಪಾಯಿತು.

ಅಪ್ಪನ ಬೈಗುಳಕ್ಕೆ ಬೇಸತ್ತು ಅವ್ವ ನಂದವರಂನ ತವರಿಗೆ ಹೋಗಿದ್ದಳು. "ಯಾರನ್ನೂ ಬೈಲಾರ್ದಂಗ ಬುದ್ಧನ ಪುಸ್ತಕ ಒಂದು ಪುಟ ಓದ್ರಿ, ಆಮ್ಯಾಲೆ ಕರಿಯಾಕ ಬರ್ರಿ" ಎಂದಿದ್ದಳು. ಸಾಕ್ಷಿ ನಾನು.

ದಿನಾ ಹತ್ತಿ ಕೋಣೆಯಲ್ಲಿ ಓದಲು ಕೂತರೆ, ಅಪ್ಪ ಎರಡನೇ ಸಾಲಿಗೇ ಮೂಟೆ ಹೊರುವ ಹಮಾಲರಿಗೆ ಬೈಯುತ್ತಿದ್ದರು. ಅವ್ವ ಬರಲೇ ಇಲ್ಲವೆಂದು ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಒಂದು ದಿನ ಬೈಯದೆ ಪುಟದ ಕೊನೆಯ ಸಾಲು ಮುಟ್ಟಿದರು. ಒಳಬರುವ ಉಸಿರನ್ನು ಗಮನಿಸಬೇಕಂತೆ. ಇಬ್ಬರೂ ಜೋರಾಗಿ ಎಳೆದೆವು. ಮೂಗಿಗೆ ಹತ್ತಿ ಹೋಗಿ ನಾನು ಪುಸ್ತಕದ ಮೇಲೇ ಸೀನಿದೆ.

"ಲೇ, ಮಂಗ್..." ಎನ್ನುವಷ್ಟರಲ್ಲಿ ಅಪ್ಪನಿಗೂ ಸೀನು ಬಂದು ಬೈಗುಳ ಅದರಲ್ಲೇ ಮುಳುಗಿತು.

"ನಿಜಾ ಹೇಳಪ್ಪಾ, ಬೈದ್ರೇನು?" ಕರೆಯಲು ನಂದವರಂಗೆ ಹೋದಾಗ ಅವ್ವ ನನ್ನನ್ನು ಕೇಳಿದಳು.

"ಇಲ್ಲಬೇ, ಸೀನಿದ್ರು."

ಅವ್ವ ನಕ್ಕು ನಮ್ಮ ಜೊತೆ ಹೊರಡಲು ಗಂಟು ಕಟ್ಟಿದಳು.

ಮೊಮ್ಮಗನಿಗೆ ಬೈಯುವುದು ಇನ್ನೂ ಬಾಕಿ ಇದೆ. ಸೀನು ನಿಲ್ಲಲಿ.