ಅಜ್ಜಿ ಹಾಕಿದ ರಾಗ

ಸಿನಿಮಾ ಮಾತಾಡಲು ಕಲಿತ ಹೊಸತರಲ್ಲಿ ಬಂದ ಆ ಹಾಡುಗಳ ಚಿತ್ರದ ಬಗ್ಗೆ ಪತ್ರಿಕೆಗಳಲ್ಲಿ ಇಂದಿಗೂ ಲೇಖನಗಳು ಬರುತ್ತವೆ. ಹಾಡುಗಳೆಲ್ಲ ಇನ್ನೂ ಜನರ ನಾಲಿಗೆಯ ಮೇಲಿವೆ ಎಂದು ಬರೆಯದೆ ಯಾರೂ ಬಿಡುವುದಿಲ್ಲ. ಬರೆದವರನ್ನು ಹಿಡಿದು, ಯಾರ ನಾಲಿಗೆಯ ಮೇಲೆ ಎಂದು ಕೇಳಬೇಕೆನಿಸುತ್ತದೆ. ನಾನು ಕಂಡಂತೆ ಅವುಗಳಲ್ಲಿ ಒಂದೇ ಒಂದು ಹಾಡು ಇದ್ದದ್ದು ಅಂಕೋಲೆಯ ನನ್ನ ಅಮ್ಮನ ನಾಲಿಗೆಯ ಮೇಲೆ ಮಾತ್ರ. ಅಲ್ಲಿಂದ ಅದನ್ನು ಇಳಿಸಿದವಳು ನಾನೇ.

ನಮ್ಮ ಮನೆಯಲ್ಲಿ ಆ ಚಿತ್ರ ನೋಡಿದವನು ಅಜ್ಜ ಒಬ್ಬನೇ. ಏನೋ ಕೆಲಸಕ್ಕೆ ಹುಬ್ಬಳ್ಳಿಗೆ ಹೋದವನು ಚಿತ್ರ ನೋಡಿ, ಥೇಟರಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ ತಂದ. ಪುಸ್ತಕದಲ್ಲಿ ಪದಗಳಿದ್ದವು, ರಾಗ ಎಲ್ಲಿಂದ ಬರಬೇಕು? ಅಜ್ಜ ಹಾಡಿ ತೋರಿಸಿದ್ದಕ್ಕೆ ಕೊಟ್ಟಿಗೆಯ ಎಮ್ಮೆ ತಲೆಯೆತ್ತಿ ನೋಡಿತಂತೆ. ಕೊನೆಗೆ ಅಜ್ಜಿ ತನಗೆ ಗೊತ್ತಿದ್ದ ಗದ್ದೆ ನಾಟಿಯ ಹಾಡಿನ ಧಾಟಿಯನ್ನೇ ಅದರಲ್ಲಿನ ಒಂದು ಹಾಡಿಗೆ ಹೊಂದಿಸಿಬಿಟ್ಟಳು. ಗಂಡನಿಂದ ಅಗಲಿದ ನಾಯಕಿ ಕಾಡಿನಲ್ಲಿ ಅಳುತ್ತಾ ಹಾಡುವ ಹಾಡು ಅದು. ಪದಗಳ ತುಂಬ ಗಿಳಿ, ಮರ, ಹೂವು ಇದ್ದದ್ದರಿಂದ ಅಳು ಯಾರಿಗೂ ಹೊಳೆಯಲಿಲ್ಲ. ನಮ್ಮಲ್ಲಿ ಅದು ಮದುಮಗಳಿಗೆ ಬಳೆ ಇಡಿಸುವಾಗ ಚಪ್ಪಾಳೆ ತಟ್ಟಿ ಹಾಡುವ ಹಾಡಾಯಿತು. ಅಜ್ಜಿಯ ನಂತರ ಅಮ್ಮ ಹಾಡಿದಳು. ನನ್ನ ಕೈಗೆ ಬಳೆ ಏರಿದ್ದೂ ಅದೇ ಹಾಡಿಗೆ.

ನಾನು ಕೈಗಾದ ಅಣುಸ್ಥಾವರದಲ್ಲಿ ಕೆಲಸ ಮಾಡುವವಳು. ಬೇರೆಯವರು ಬರೆದಿಟ್ಟ ಅಳತೆಗಳನ್ನು ಮತ್ತೊಮ್ಮೆ ನೋಡಿ ತಪ್ಪು ಹುಡುಕುವುದು ನನ್ನ ಕೆಲಸ. ಮನೆಯಲ್ಲೂ ಆ ಚಟ ಬಿಡದು. ಹೋದ ವರ್ಷ ಕಾರವಾರದಿಂದ ಕೈಗಾಕ್ಕೆ ಹೋಗುವ ಕಂಪನಿ ಬಸ್ಸಿನಲ್ಲಿ ಕೂತು ಮೊಬೈಲು ತಿರುವುತ್ತಿದ್ದಾಗ, ಯಾರೋ ಪುಣ್ಯಾತ್ಮರು ಹಾಕಿದ್ದ ಆ ಹಾಡಿನ ಸಿನಿಮಾ ತುಣುಕೇ ಸಿಕ್ಕಿತು. ಭಾನುವಾರ ಅಂಕೋಲೆಗೆ ಓಡಿದೆ.

ಅಮ್ಮ ಕಣ್ಣು ಮುಚ್ಚಿ ಎರಡು ಸಲ ಕೇಳಿದಳು. ‘‘ಇಷ್ಟ್ ಅಳೂದಾ ಇದು?’’ ಎಂದಳು.

‘‘ನೋಡು, ಅಜ್ಜಿ ನಿಂಗೆ ಪೂರಾ ತಪ್ಪೇ ಕಲ್ಸಿದ್ಳು,’’ ಎಂದು ನಾನು ನಕ್ಕೆ. ಅಮ್ಮನೂ ನಕ್ಕಳು. ಆ ನಗು ನೆನಪಾದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಕಳೆದ ತಿಂಗಳು ಅಣ್ಣನ ಮಗಳ ಮದುವೆ. ಬಳೆಗಾರ್ತಿ ಹುಡುಗಿಯ ಕೈ ಹಿಡಿದು ಕೂತಿದ್ದಳು. ಹೆಂಗಸರೆಲ್ಲ ಚಪ್ಪಾಳೆಗೆ ಕೈ ಎತ್ತಿ ಅಮ್ಮನ ಮುಖ ನೋಡುತ್ತಿದ್ದರು. ಅಮ್ಮ ನನ್ನತ್ತ ತಿರುಗಿ, ‘‘ನಂಗೆ ಸರಿಯಾಗಿ ಹಾಡೂಕೆ ಬರೂದಿಲ್ಲ. ನಿನ್ನ ಮೊಬೈಲ್ ಹಚ್ಚೇ, ಅದ್ರಲ್ಲಿ ಸರಿ ಅದೆ,’’ ಎಂದಳು.

ನೀನೇ ಹಾಡು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಅಷ್ಟು ಜನರ ಮುಂದೆ ರೇಗಿ ಹಚ್ಚಿಯೇಬಿಟ್ಟೆ. ಕರಕರ ಸದ್ದಿನ ನಡುವೆ ನಾಯಕಿ ಗೋಳಿಟ್ಟಳು. ಎತ್ತಿದ ಕೈಗಳು ಒಂದೊಂದಾಗಿ ಮಡಿಲಿಗೆ ಇಳಿದವು. ‘‘ಬಂದ್ ಮಾಡೇ, ಮದ್ವಿ ಮನಿ ಇದು!’’ ಎಂದು ಅತ್ತಿಗೆ ಗದರಿದಳು. ಉಳಿದ ಬಳೆಗಳನ್ನು ಹಾಡಿಲ್ಲದೆಯೇ ಇಟ್ಟರು.

ಈಗ ಬಸ್ಸಿನಲ್ಲಿ ಕೂತು ಅಜ್ಜಿಯ ಧಾಟಿಯನ್ನು ಗುನುಗಲು ನೋಡುತ್ತೇನೆ. ಮೊದಲ ಸಾಲು ಬರುತ್ತದೆ. ಎರಡನೆಯದಕ್ಕೆ ಹೋಗುವಷ್ಟರಲ್ಲಿ ಸಿನಿಮಾದ ರಾಗ ನುಗ್ಗಿಬಿಡುತ್ತದೆ. ಆ ತುಣುಕನ್ನು ಅಷ್ಟು ಸಲ ಕೇಳಿದ್ದೇನೆ, ದರಿದ್ರದ್ದು! ಇಷ್ಟು ವರ್ಷ ಕೈಯಲ್ಲೇ ಮೊಬೈಲಿತ್ತು. ಊರಿನ ಹಾಳುಮೂಳನ್ನೆಲ್ಲ ಅದರಲ್ಲಿ ತುಂಬಿಕೊಂಡೆ, ಅಮ್ಮನ ಹಾಡನ್ನು ಒಮ್ಮೆಯೂ ಹಿಡಿದಿಡಲಿಲ್ಲ.

ಮೊನ್ನೆ ಭಾನುವಾರ ಮೊಬೈಲು ಹಿಡಿದು ಅಮ್ಮನ ಮುಂದೆ ಕೂತು, ಒಂದೇ ಒಂದು ಸಲ ಹಾಡು ಎಂದು ಗೋಗರೆದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಅವಳ ಮಾತಿನಲ್ಲಿ ಕೋಪವಿರಲಿಲ್ಲ, ಕೊಂಕೂ ಇರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದಳು:

‘‘ತಪ್ಪು ಹಾಡನ್ನ ಎಂತಕ್ಕೆ ಇಟ್ಕಳೂದು ಮಗಾ?’’