ಆರನೇ ಪೆಟ್ಟಿಗೆಯ ಕೆಂಪು ಗೆರೆ

ನಮ್ಮ ಮೇಡಂ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಕೆಂಪಗಿರುತ್ತಿತ್ತು. ಉಳಿದ ಒಂಬತ್ತು ಉಗುರುಗಳಿಗೆ ಬಣ್ಣದ ಸೋಂಕಿರಲಿಲ್ಲ. ಕ್ರೈಸ್ಟ್‌ಚರ್ಚಿನ ಕನ್ನಡದವರೆಲ್ಲ ಸೇರಿ ಮಾಡುತ್ತಿದ್ದ ಯುಗಾದಿ ಊಟದಲ್ಲಿ ಹೆಂಗಸರು, "ಏನ್ರೀ, ನೈಲ್ ಪಾಲಿಶ್ ಒಂದೇ ಬೆರಳಿಗೆ ಮುಗ್ದೋಯ್ತಾ?" ಎಂದು ರೇಗಿಸುವರು. ಮೇಡಂ ಹೋಳಿಗೆ ಮುರಿಯುತ್ತಲೇ, "ಒಂದ ಉಗುರಿಗೆ ಇಷ್ಟ ಮಂದಿ ನೋಡ್ತೀರಿ. ಹತ್ತಕ್ಕೂ ಹಚ್ಚಿದ್ರ ಊಟಾನ ಬಿಡ್ತೀರಿ" ಎನ್ನುವರು.

ಅದು ಉಗುರಿಗೆ ಹಚ್ಚುವ ಬಣ್ಣವಲ್ಲ ಎಂದು ನನಗೆ ಗೊತ್ತಿತ್ತು. ರಿಕ್ಕರ್ಟನ್ ಬಡಾವಣೆಯಾಚೆ ಒಂದು ತಗಡಿನ ಶೆಡ್ಡಿನಲ್ಲಿ ಅವರು ಇಂಜಿನಿಯರ್, ನಾನು ಅವರ ಕೈಕೆಳಗೆ ವೈರಿಂಗ್ ಕೆಲಸದವನು. ಎರಡು ಸಾವಿರದ ಮೊದಲ ವರ್ಷಗಳ ಮಾತು. ನನ್ನ ಹೆಂಡತಿ ನರ್ಸ್. ಅವಳ ಕೆಲಸದ ಮೇಲೆ ಈ ದೇಶಕ್ಕೆ ಬಂದಾಗ ನನಗೆ ಐವತ್ತು ದಾಟಿತ್ತು. ಓದಿದ್ದು ಎಸ್ಸೆಸ್ಸೆಲ್ಸಿ. ಮಂಡ್ಯದ ಕಡೆ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ವೈರ್‌ಮನ್ ಆಗಿದ್ದೆ. ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರು ಇವರೇ. ನನಗಿಂತ ಹತ್ತು ವರ್ಷ ಚಿಕ್ಕವರು. ನಾನು ಅವರನ್ನು ಮೇಡಂ ಎನ್ನುತ್ತಿದ್ದೆ, ಅವರು ನನ್ನನ್ನು ಅಣ್ಣಾರ ಎನ್ನುತ್ತಿದ್ದರು.

ನಮ್ಮ ಶೆಡ್ಡಿನಿಂದ ಹೋಗುತ್ತಿದ್ದುದು ಪೆಸಿಫಿಕ್ ಸಮುದ್ರದ ಸಣ್ಣ ದ್ವೀಪಗಳಿಗೆ ಬಿಸಿಲಿನ ವಿದ್ಯುತ್ತಿನ ಸಾಮಾನು. ಅಲ್ಲಿಯವರು ಡೀಸೆಲ್ ಜನರೇಟರ್ ಮೇಲೆ ಬದುಕುತ್ತಿದ್ದರು. ಡೀಸೆಲ್ ಹಡಗು ತಡವಾದರೆ ಊರಿಗೆ ಊರೇ ಕತ್ತಲು. ಮೇಡಂ ಗೋಡೆಗೆ ಅಂಥ ಒಂದು ದ್ವೀಪದ ಫೋಟೋ ಅಂಟಿಸಿದ್ದರು. ಎರಡೂ ಕಡೆ ನೀರು, ನಡುವೆ ತೆಂಗಿನ ಮರಗಳ ಒಂದು ತೆಳ್ಳನೆಯ ಪಟ್ಟಿ, ಅಷ್ಟೇ ಊರು. "ಸಮುದ್ರ ಇವರ ಬಾವಿಗೆ ಬಂದೈತಿ, ಅಣ್ಣಾರ. ಕುಡಿಯೋ ನೀರು ಉಪ್ಪಾಗೈತಿ. ಸಮುದ್ರಾನ ಏರಸಾಕತ್ತಿದ್ದು ಜಗತ್ತೆಲ್ಲ ಸುಡೋ ಎಣ್ಣಿ. ಇವರು ಅದ ಎಣ್ಣಿಗೆ ಹಡಗಿನ ದಾರಿ ಕಾಯ್ಕೋಂತ ಕೂಡಬೇಕು. ಇದೆಂಥಾ ನ್ಯಾಯರೀ?" ಎನ್ನುತ್ತಿದ್ದರು. ಇಂಥ ಮಾತಾಡುವಾಗಲೂ ಅವರ ಕೈ ಕೆಲಸ ನಿಲ್ಲಿಸುತ್ತಿರಲಿಲ್ಲ.

ನಾವು ಮೊದಲು ಆ ಒಂದು ದ್ವೀಪಕ್ಕೆ ಮಾಡಿ ತೋರಿಸಬೇಕಿತ್ತು. ಅದು ಸರಿಯಾಗಿ ನಡೆದರೆ ಪಕ್ಕದ ನಾಲ್ಕು ದ್ವೀಪಗಳಿಗೂ ಕೊಡುವುದಾಗಿ ನೆರವು ಕೊಡುವವರು ಹೇಳಿದ್ದರು.

ಸೋಲಾರ್ ಹಲಗೆಗಳಿಂದ ಬರುವ ವಿದ್ಯುತ್ತು, ಬ್ಯಾಟರಿಗಳಿಂದ ಬರುವುದು, ಎಲ್ಲ ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ ತಾಮ್ರದ ಪಟ್ಟಿಗಳ ಮೇಲೆ ಕೂಡುತ್ತದೆ. ಆ ಪಟ್ಟಿಗಳಿಗೆ ಬೋಲ್ಟು ಬಿಗಿಯುವುದು ನನ್ನ ಕೆಲಸ. ಬೋಲ್ಟು ಸಡಿಲವಿದ್ದರೆ ಆ ಜಾಗ ಕಾಯುತ್ತದೆ, ಕಾದರೆ ಬೆಂಕಿ. ಅದಕ್ಕೆ ಟಾರ್ಕ್ ರೆಂಚ್ ಎಂದು ಒಂದು ಉದ್ದನೆಯ ರೆಂಚ್ ಇತ್ತು. ಬೇಕಾದಷ್ಟು ಬಿಗಿಯಾದಾಗ ಕಟಕ್ ಎನ್ನುತ್ತದೆ. ಕಟಕ್ ಎಂದ ಮೇಲೆ ನಟ್ಟಿನಿಂದ ಪಟ್ಟಿಯವರೆಗೆ ಕೆಂಪು ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆಯಬೇಕು. ಮುಂದೆ ನಟ್ಟು ತಿರುಗಿದರೆ ಗೆರೆ ಮುರಿದು ಯಾರಿಗಾದರೂ ಕಾಣುತ್ತದೆ. ಹೆಚ್ಚಾದ ಬಣ್ಣವನ್ನು ಮೇಡಂ ಹೆಬ್ಬೆರಳಿನ ಉಗುರಿನಿಂದ ಒರೆಸುತ್ತಿದ್ದರು.

"ಗೆರಿ ಅಂದ್ರ ಸಹಿ, ಅಣ್ಣಾರ. ಕಟಕ್ ಅನ್ನೂಕಿಂತ ಮೊದ್ಲ ಎಳೀಬ್ಯಾಡ್ರಿ."

ಮೊದಲ ವಾರ ನಾನು ಬರೀ ಕೈ ಅಂದಾಜಿನಲ್ಲಿ ಬಿಗಿದ ಮೂರು ಬೋಲ್ಟುಗಳಿಗೆ ಅವರು ರೆಂಚ್ ಹಾಕಿ, ಇನ್ನೂ ಕಾಲು ಸುತ್ತು ತಿರುಗಿಸಿ ತೋರಿಸಿದ್ದರು. ನನಗೆ ಮುಖ ಸುಟ್ಟ ಹಾಗಾಗಿತ್ತು. ಮೂವತ್ತು ವರ್ಷದ ಕೈಗೆ ಇವಳೇನು ಪಾಠ ಹೇಳುವುದು ಎಂದು ಮನಸ್ಸಿನಲ್ಲಿ ಏಕವಚನದಲ್ಲೇ ಬೈದುಕೊಂಡೆ. ಆದರೆ ಎರಡು ವರ್ಷದಲ್ಲಿ ನನ್ನ ಕೆಲಸ ಅವರಿಗೆ ಹಿಡಿಸಿತು. ಬೇರೆಯವರ ಪೆಟ್ಟಿಗೆಗಳನ್ನು ತೆರೆಸಿ ಪರೀಕ್ಷಿಸುತ್ತಿದ್ದ ಮೇಡಂ ನನ್ನವಕ್ಕೆ ಬಂದಾಗ, "ಅಣ್ಣಾರದು ನೋಡೂದು ಬ್ಯಾಡ" ಎಂದು ಸಹಿ ಹಾಕಿ ಮುಂದೆ ಹೋಗುತ್ತಿದ್ದರು. ಆ ಮಾತಿಗೆ ನಾನು ಉಬ್ಬಿಹೋಗುತ್ತಿದ್ದೆ.

ಸಾಮಾನು ಲಿಟಲ್ಟನ್ ಬಂದರಿಗೆ ಹೋಗುವ ದಿನ ನನ್ನ ಆರು ಪೆಟ್ಟಿಗೆಗಳಲ್ಲಿ ಐದು ಮುಗಿದಿದ್ದವು. ಆರನೆಯದು ದ್ವೀಪದ ಆಸ್ಪತ್ರೆಗೆ ಹೋಗುವಂಥದ್ದು. ಆಸ್ಪತ್ರೆ ಎಂದರೆ ಎರಡು ಕೋಣೆ, ಒಬ್ಬಳು ನರ್ಸ್, ಲಸಿಕೆ ಇಡುವ ಒಂದು ಫ್ರಿಜ್. ಮೇಡಂ ಸಾಮಾನಿಗಿಂತ ಮೊದಲು ದ್ವೀಪ ಸೇರಬೇಕೆಂದು ಹಿಂದಿನ ದಿನವೇ ವಿಮಾನ ಹತ್ತಿದ್ದರು. ಆರಕ್ಕೂ ಸಹಿ ಹಾಕಿಟ್ಟೇ ಹೋಗಿದ್ದರು. ಹೊರಡುವಾಗ, "ರೆಂಚ್ ಆರನೇ ಪೆಟ್ಟಿಗ್ಯಾಗ ಇಡ್ರಿ. ಅಲ್ಲಿ ಹಚ್ಚೂಕಿಂತ ಮುಂಚೆ ನಾನೂ ಒಮ್ಮಿ ನೋಡತೇನಿ" ಎಂದಿದ್ದರು.

ನಾನು ಆರನೆಯದರ ಬೋಲ್ಟುಗಳನ್ನು ಸಾಧಾರಣ ಸ್ಪ್ಯಾನರಿನಲ್ಲಿ ಕೂರಿಸಿ, ಬಣ್ಣ ಒಣಗುತ್ತಿರಲಿ, ಊಟವಾದ ಮೇಲೆ ರೆಂಚ್ ಹಾಕೋಣ ಎಂದು ಗೆರೆಗಳನ್ನು ಮೊದಲೇ ಎಳೆದುಬಿಟ್ಟೆ. ಊಟದ ಡಬ್ಬಿ ತೆರೆಯುವಷ್ಟರಲ್ಲಿ ಲಾರಿ ಬಂತು, ಹೇಳಿದ್ದಕ್ಕಿಂತ ಒಂದು ಗಂಟೆ ಮೊದಲೇ. ಡ್ರೈವರ್ ಹಾರ್ನ್ ಮೇಲೆ ಕೈ ಇಟ್ಟಿದ್ದ. "ಅರ್ಧ ಗಂಟೆ ತಾಳು" ಎಂದಿದ್ದರೆ ತಾಳುತ್ತಿದ್ದ. ಆದರೆ ಆಗ ಶೆಡ್ಡಿನ ಯಜಮಾನನಿಗೆ ಅರ್ಧ ಗಂಟೆ ಏಕೆಂದು ಹೇಳಬೇಕಿತ್ತು. ಕೆಂಪು ಗೆರೆಗಳನ್ನು ನೋಡಿದೆ. ಸಾಲಾಗಿ, ನೀಟಾಗಿ ಇದ್ದವು. ನನ್ನ ಕೈ ಬಿಗಿದದ್ದು ಸಡಿಲವಿರುವುದುಂಟೇ ಎಂದುಕೊಂಡು ಮುಚ್ಚಳ ಹಾಕಿದೆ. ಲಾರಿ ತಿರುವು ದಾಟಿದ ಮೇಲೆ ನೋಡಿದರೆ ರೆಂಚ್ ಮೇಜಿನ ಮೇಲೇ ಇತ್ತು.

ಹಡಗು ತಲುಪಲು ಮೂರು ವಾರ ಬೇಕು. ಆ ಮೂರು ವಾರದಲ್ಲಿ ಯಾವ ದಿನವಾದರೂ ಮೇಡಂಗೆ ಒಂದು ಮಾತು ಮುಟ್ಟಿಸಬಹುದಿತ್ತು. ಪ್ರತಿ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದು ಶೆಡ್ಡಿಗೆ ಹೋಗುತ್ತಿದ್ದೆ. ರೆಂಚನ್ನು ಬಟ್ಟೆ ಸುತ್ತಿ ಖಾನೆಯೊಳಗಿಟ್ಟೆ. ಹೇಳಿದರೆ "ಅಣ್ಣಾರದು ನೋಡೂದು ಬ್ಯಾಡ" ಎನ್ನುವ ಮಾತು ಇನ್ನು ಮುಂದೆ ಇರುವುದಿಲ್ಲ. ಕೆಲಸವೂ ಹೋಗಬಹುದು, ಈ ವಯಸ್ಸಿನಲ್ಲಿ ಬೇರೆ ಯಾರು ಕರೆಯುತ್ತಾರೆ?

ಕೊನೆಗೆ ಅವರೇ ಫೋನ್ ಮಾಡಿದರು. ಉಪಗ್ರಹದ ಫೋನು, ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಒಂದೆರಡು ಕ್ಷಣ ತಡ.

"ಅಣ್ಣಾರ, ಕೇಳಸ್ತೈತೇನ್ರಿ? ರೆಂಚ್ ಸಿಗವಲ್ದು."

"ಇಲ್ಲೇ ಉಳ್ಕೊಂಡ್ಬಿಟ್ಟಿದೆ ಮೇಡಂ. ತಪ್ಪಾಯ್ತು."

"ಆತು ಬಿಡ್ರಿ. ಇಲ್ಲಿ ಊರ ಮಂದಿ ಎಲ್ಲಾ ಬಂದು ಕುಂತಾರ. ಪಾದ್ರಿಗಳದು ಪ್ರಾರ್ಥನಾನೂ ಮುಗೀತು. ಎರಡು ತಾಸಿಗೆ ನನ್ನ ಹಡಗು ಹೊಂಟೈತಿ, ಮತ್ತ ಬರೂದು ಮುಂದಿನ ತಿಂಗಳ. ಒಂದ ಹೇಳ್ರಿ. ಆರೂ ಪೆಟ್ಟಿಗಿ ಕಟಕ್ ಅಂದಾವಲ್ಲ?"

ಒಂದು ಮಾತು ಸಾಕಿತ್ತು. "ಆರನೆಯದನ್ನು ಬಿಗಿಯಿರಿ" ಎಂದಿದ್ದರೆ ಅಲ್ಲಿದ್ದ ಯಾವುದೋ ಸ್ಪ್ಯಾನರಿನಲ್ಲೇ ಬಿಗಿಯುತ್ತಿದ್ದರು. ಅರ್ಧ ಗಂಟೆಯ ಕೆಲಸ.

"ಅಂದಿವೆ ಮೇಡಂ" ಎಂದೆ.

ನನ್ನ ಮಾತು ಸಮುದ್ರ ದಾಟುವವರೆಗೆ ಏನೂ ಕೇಳಿಸಲಿಲ್ಲ. ಅದನ್ನು ಹಿಂದಕ್ಕೆ ಕರೆಯಲು ಆಗಲೂ ಸಮಯವಿತ್ತು.

"ನೀವು ಅಂದ್ರ ಮುಗೀತು. ಹಚ್ಚತೇನಿ."

ಆಮೇಲೆ ಚಪ್ಪಾಳೆ ಕೇಳಿಸಿತು. ನೂರಾರು ಜನ ಒಟ್ಟಿಗೆ ಹಾಡತೊಡಗಿದರು. ನಾನು ಫೋನ್ ಇಟ್ಟೆ.

ಹದಿನೈದು ದಿನ ಕಳೆದ ಮೇಲೆ ಟೀ ಹೊತ್ತಿನಲ್ಲಿ ಯಜಮಾನ ಸುದ್ದಿ ಓದಿದ. ಆಸ್ಪತ್ರೆಯ ಪೆಟ್ಟಿಗೆಗೆ ಬೆಂಕಿ ಬಿದ್ದು ಒಂದು ಕೋಣೆ ಸುಟ್ಟಿದೆ. ಲಸಿಕೆಗಳನ್ನು ಹೊರಗೆ ತರಲು ಒಳಗೆ ನುಗ್ಗಿದ ನರ್ಸಿನ ಎರಡೂ ಅಂಗೈ ಬೆಂದಿವೆ. ಊರವರು ಹೆದರಿ ಎಲ್ಲ ಆರಿಸಿ, ಹಳೆಯ ಡೀಸೆಲ್ ಜನರೇಟರನ್ನೇ ಶುರುಮಾಡಿದ್ದಾರೆ. ವಾಪಸು ಬಂದಿದ್ದ ಮೇಡಂ ಟೀ ಲೋಟ ಕೆಳಗಿಟ್ಟು ಮೊದಲು ಕೇಳಿದ್ದು, "ಆಕಿ ಕೈ ಹೆಂಗೈತಂತ?" ಎಂದು.

ರಜೆ ಹಾಕಿ, ಆ ರೆಂಚ್ ತೆಗೆದುಕೊಂಡು ಅವರೇ ಮತ್ತೆ ಹೋದರು. ಒಂದು ತಿಂಗಳ ಮೇಲೆ ಬಂದು ನನ್ನ ಮೇಜಿನ ಮೇಲೆ ನಟ್ಟಿನ ಕೆಳಗೆ ಕೂರುವ ಒಂದು ಸುಟ್ಟ ವಾಷರ್ ಇಟ್ಟರು.

"ನೋಡ್ರಿ, ಅಣ್ಣಾರ."

ನೋಡಿದೆ. ಏನು ನೋಡಬೇಕೆಂದು ತಿಳಿಯಲಿಲ್ಲ. "ಹಡಗಿನ ಕುಲುಕಾಟಕ್ಕೆ ಸಡಿಲ ಆಗಿರ್ಬೇಕು ಮೇಡಂ" ಎಂದೆ.

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ಇರಬಹುದು" ಎಂದು ವಾಷರ್ ಎತ್ತಿಕೊಂಡು ಹೋದರು.

ವಿಚಾರಣೆಯಲ್ಲಿ ಅವರು ಬರೆದುಕೊಟ್ಟದ್ದು ಇಷ್ಟೆ: ಕೊನೆಯ ಪರೀಕ್ಷೆ ಮಾಡದೆ ಚಾಲೂ ಮಾಡಿದ್ದು ನನ್ನ ತೀರ್ಮಾನ, ಸಹಿ ನನ್ನದು. ಪಕ್ಕದ ನಾಲ್ಕು ದ್ವೀಪಗಳ ಕೆಲಸ ನಿಂತುಹೋಯಿತು. ಅಲ್ಲಿಗೆ ಡೀಸೆಲ್ ಹಡಗುಗಳೇ ಹೋಗುತ್ತಿದ್ದವು. ಯಜಮಾನ ಮೇಡಂ ಅವರನ್ನು ಶೆಡ್ಡಿನ ಕೆಲಸದಿಂದ ತೆಗೆದ. ಮರುವರ್ಷ ಅವರು ಪಾಠ ಹೇಳುವ ಕೆಲಸ ಹಿಡಿದು ಡನೀಡಿನ್‌ಗೆ ಹೋದರು. ನಾನು ಅದೇ ಶೆಡ್ಡಿನಲ್ಲಿ ನಿವೃತ್ತನಾದೆ. ಬೀಳ್ಕೊಡುಗೆಯ ದಿನ ಯಜಮಾನ ನನ್ನ ಕೈ ಎತ್ತಿ ಹಿಡಿದು ಹೊಗಳಿದ.

ಅಷ್ಟಾದರೂ ಮೇಡಂ ಕ್ರೈಸ್ಟ್‌ಚರ್ಚಿಗೆ ಬಂದಾಗಲೆಲ್ಲ ನಮ್ಮ ಮನೆಗೆ ಬರುತ್ತಿದ್ದರು. ನನ್ನ ಹೆಂಡತಿ ಮಾಡುವ ಮೊಸರನ್ನ ಅವರಿಗೆ ಇಷ್ಟ. ಊಟವಾದ ಮೇಲೆ ಐದು ನಿಮಿಷ ಸುಮ್ಮನೆ ನನ್ನೆದುರು ಕೂತಿರುತ್ತಿದ್ದರು. ಆಮೇಲೆ, "ಬರತೇನಿ ಅಣ್ಣಾರ" ಎಂದು ಏಳುತ್ತಿದ್ದರು. ಆ ಐದು ನಿಮಿಷ ಯಾತಕ್ಕೆಂದು ಆಗ ನನಗೆ ಹೊಳೆಯಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಅವರಿಗೆ ಕಾಯಿಲೆ, ಇನ್ನು ಹೆಚ್ಚು ದಿನವಿಲ್ಲ ಎಂದು ತಿಳಿದ ದಿನ ನಾನು ಹೆಂಡತಿಗೆ ಎಲ್ಲ ಹೇಳಿದೆ. ಅವಳು ತನ್ನ ಅಂಗೈಗಳನ್ನು ನೋಡಿಕೊಂಡಳು. "ನರ್ಸಿಗೆ ಕೈ ಅಂದ್ರೆ ಏನು ಅಂತ ನಿಮಗೆ ಗೊತ್ತೇನ್ರಿ? ಕಾರ್ ತೆಗೀರಿ. ನೀವು ಹೇಳ್ತೀರೋ, ನಾನೇ ಹೇಳ್ಲೋ?" ಎಂದಳು. ಡನೀಡಿನ್‌ವರೆಗೆ ಐದು ಗಂಟೆಯ ದಾರಿ.

ಮೇಡಂ ಕಿಟಕಿಯ ಬಳಿ ಮಂಚದಲ್ಲಿದ್ದರು. ಹೆಬ್ಬೆರಳಿನ ಉಗುರು ಉಳಿದವುಗಳ ಹಾಗೆಯೇ ಬಿಳಿಚಿತ್ತು. "ಮೇಡಂ, ಆ ಆರನೇ ಪೆಟ್ಟಿಗೆ..." ಎಂದೆ.

"ಗೊತ್ತೈತಿ" ಎಂದರು. "ಬಿಗಿ ಇದ್ರ ಬಣ್ಣ ಮ್ಯಾಲ ನಿಲ್ಲತೈತಿ. ಇಲ್ಲಿ ಬಣ್ಣ ವಾಷರ್ ಕೆಳಗ ಇಳಿದಿತ್ತು. ಗೆರಿ ಮೊದಲ ಎಳದಿದ್ರಿ."

"ಗೊತ್ತಿದ್ದೂ ನನ್ನ ಹೆಸರು ಯಾಕೆ ಬರೀಲಿಲ್ಲ?"

"ನಿಮ್ಮ ಪೆಟ್ಟಿಗಿ ನೋಡಲಾರದ ಸಹಿ ಹಾಕಿದ್ದು ನಂದು. ನಂದು ನಾ ಬರದೆ. ನಿಮ್ಮದು ನೀವ ಬರೀಬೇಕಿತ್ತು. ದಾರಿ ನೋಡಿದೆ."

ನಾನು ಅವರ ಕಾಲು ಮುಟ್ಟಲು ಬಗ್ಗಿದೆ. ಅವರು ಕಾಲು ಎಳೆದುಕೊಂಡರು.

"ನನಗೇನು ಬ್ಯಾಡ. ಆ ನರ್ಸ್ ಆವತ್ತು ಚಹಾಕ್ಕ ಎಲೆಕ್ಟ್ರಿಕ್ ಕೆಟಲ್ ಹಚ್ಚಿದ್ಲಂತ. ಅದಕ್ಕ ಬೆಂಕಿ ಬಿತ್ತು ಅಂತ ಊರು ಅಂತೈತಿ, ಆಕೀನೂ ಅದನ್ನ ನಂಬ್ಯಾಳ. ಆಕಿಗೆ ಬರೀರಿ. ಇಲ್ಲೇ ಕುಂತು ಬರೀರಿ."

"ನನ್ನ ಇಂಗ್ಲಿಷು ನಿಮಗೆ ಗೊತ್ತಲ್ಲ ಮೇಡಂ. ನೀವು ಹೇಳಿ, ನಾನು ಬರ್ಕೋತೀನಿ."

"ನಿಮಗ ಬಂದ ಹಂಗ ಬರೀರಿ."

ಎರಡು ಹಾಳೆ ಹರಿದುಹಾಕಿ ಮೂರನೆಯದರಲ್ಲಿ ಬರೆದೆ. ಬೋಲ್ಟು ಬಿಗಿಯದೆ ಬಿಟ್ಟವನು ನಾನು, ನಿಮ್ಮ ಕೆಟಲ್ ಕಾರಣವಲ್ಲ ಎಂದು. ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಫೋನಿನ ಮಾತು?"

ಅದನ್ನು ಬರೆದಿರಲಿಲ್ಲ. ಬೋಲ್ಟಿನದು ತಪ್ಪು ಎನ್ನಬಹುದು. ಫೋನಿನದಕ್ಕೆ ಹಾಗೆನ್ನಲು ಬರುವುದಿಲ್ಲ. ಅದನ್ನೂ ಬರೆದೆ. ಮೇಡಂ ಕಣ್ಣು ತೆರೆದು, ನನ್ನ ಹೆಂಡತಿಯ ಕಡೆ ತಿರುಗಿ, "ಮೊಸರನ್ನ ತಂದೀರೇನ್ರಿ?" ಎಂದರು. ತಂದಿರಲಿಲ್ಲ. ಅದೊಂದು ಕೊರಗು ಅವಳಿಗೆ ಇವತ್ತಿಗೂ ಇದೆ.

ಹನ್ನೊಂದನೇ ದಿನಕ್ಕೆ ಮೇಡಂ ತೀರಿಹೋದರು. ದ್ವೀಪದಿಂದ ಉತ್ತರ ಬಂದದ್ದು ಅದಾಗಿ ಎರಡು ತಿಂಗಳ ಮೇಲೆ. ಅಕ್ಷರಗಳು ದೊಡ್ಡವು, ಸೊಟ್ಟ. ಬೆಂದ ಕೈಯ ಬರವಣಿಗೆ. ನಿಮ್ಮ ಪತ್ರವನ್ನು ಊರವರೆದುರು ಓದಿಸಿದೆ ಎಂದು ನರ್ಸ್ ಬರೆದಿದ್ದರು. ಬೆಂಕಿಯಾದ ಮೇಲೆ ಮೇಡಂ ಮತ್ತೆ ಬಂದಾಗ ಸಭೆಯ ಚಾಪೆಯ ಮೇಲೆ ತಲೆ ತಗ್ಗಿಸಿ ಕೂತು, ತಪ್ಪು ನಮ್ಮ ಕೈಯದು, ಕ್ಷಮಿಸಿ ಎಂದು ಇಡೀ ಊರನ್ನು ಕೇಳಿಕೊಂಡರಂತೆ. ನರ್ಸನ್ನು ಉಳಿಸಲು ಹಾಗೆ ಹೇಳುತ್ತಿದ್ದಾರೆ ಎಂದುಕೊಂಡು, ಆ ಮಾತನ್ನು ನರ್ಸೂ ಸೇರಿ ಊರಲ್ಲಿ ಯಾರೂ ನಂಬಲಿಲ್ಲ ಎಂದಿದ್ದರು. ಕೊನೆಯಲ್ಲಿ ಒಂದೇ ಪ್ರಶ್ನೆ: ತಪ್ಪು ಮಾಡಿದವರು ನೀವು ಎಂದು, ಆ ಚಾಪೆಯ ಮೇಲೆ ಕೂತಾಗ ಅವರಿಗೆ ಗೊತ್ತಿತ್ತೇ?

ಉತ್ತರಕ್ಕೆ ನಾಲ್ಕು ದಿನ ತೆಗೆದುಕೊಂಡೆ. ಗೊತ್ತಿತ್ತು ಎಂದು ಬರೆದೆ.