ಅವ್ವ ನೋಡಲು ಹೋದ ಸವತಿ

ನಮ್ಮ ಅವ್ವನಿಗೆ ಒಬ್ಬಳು ಸವತಿ ಇದ್ದಳು. ಅವಳ ಮುಖವನ್ನು ಅವ್ವ ಒಂದು ದಿನವೂ ನೋಡಿರಲಿಲ್ಲ. ಯುದ್ಧವಿಮಾನದ ಇಂಜಿನ್ನೇ ಆ ಸವತಿ.

ಅಪ್ಪ ವಾಯುಪಡೆಯಲ್ಲಿ ಇಂಜಿನ್ ಫಿಟ್ಟರ್. ವರ್ಷದ ಬಹುಪಾಲು ಉತ್ತರದ ಯಾವುದೋ ಊರಿನಲ್ಲಿ ಇರುತ್ತಿದ್ದರು. ಅವ್ವ ನಮ್ಮೂರು ದುದ್ದದಲ್ಲಿ ಅತ್ತೆ, ಎಮ್ಮೆ, ರಾಗಿ ಹೊಲ ಮತ್ತು ನನ್ನ ಜೊತೆ ಏಗುತ್ತಿದ್ದಳು. ರಜೆ ಮುಗಿದು ಅಪ್ಪ ಟ್ರಂಕು ಎತ್ತಿಕೊಂಡಾಗ ಬಾಗಿಲಲ್ಲಿ ನಿಂತು, "ಓಗಿ ಓಗಿ, ನನ್ ಸವತಿ ಕಾಯ್ತಾ ಕೂತವ್ಳೆ" ಎನ್ನುತ್ತಿದ್ದಳು. ಅಪ್ಪ ನಗುತ್ತಿದ್ದರು. ಅವ್ವ ನಗುತ್ತಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವ್ವ ಹಾಸನಕ್ಕೆ, ಮಗಳಾದ ನನ್ನ ಮನೆಗೆ ಬಂದಳು. ಹೋದ ವರ್ಷ ನಾನು ಪಾಠ ಮಾಡುವ ಶಾಲೆಯ ಮಕ್ಕಳನ್ನು ಬೆಂಗಳೂರಿನ ವಿಮಾನ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗುವುದೆಂದಾಯಿತು. ಊಟಕ್ಕೆ ಕೂತಾಗ ಅವ್ವನ ಮುಂದೆ ಅದನ್ನು ಹೇಳಿದೆ. ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು.

"ನಾನೂ ಬತ್ತೀನಿ."

"ಮಂಡಿ ನೋವು ಅಂತೀಯಲ್ಲವ್ವ, ಅಲ್ಲೆಲ್ಲಾ ನಡೀಬೇಕು."

"ಬತ್ತೀನಿ ಅಂದ್ನಲ್ಲ. ನನ್ ಬಾಳು ತಿಂದೋಳ ಮೊಕ ಒಂದ್ಸಲನಾದ್ರೂ ನೋಡ್ಬೇಕು. ನಿಮ್ಮಪ್ಪ ಅವ್ಳಿಗೇನು ಕೊಟ್ರು, ನಂಗೇನು ಉಳ್ಸಿದ್ರು, ಗೊತ್ತಾಗ್ಬೇಕು."

ಇಷ್ಟು ವರ್ಷ ಅವಳು ಆಡಿದ್ದು ತಮಾಷೆಯಲ್ಲ ಎಂದು ನನಗೆ ತಿಳಿದದ್ದು ಆಗಲೇ. ಸಂಕಟವಾಯಿತು. ಸಿಟ್ಟೂ ಬಂತು, ಸತ್ತವರ ಮೇಲೆ ಇನ್ನೆಂಥ ಹಠ!

ಹೊರಡುವ ದಿನ ನೋಡಿದರೆ ಅರಕಲಗೂಡಿನ ತವರಿನವರು ಕೊಟ್ಟ ರೇಷ್ಮೆ ಸೀರೆ ಉಟ್ಟು ನಿಂತಿದ್ದಾಳೆ. ಕಬ್ಬಿಣ ನೋಡೋದಕ್ಕೆ ರೇಷ್ಮೆ ಯಾಕೆ ಎಂದು ರೇಗಿಸಿದೆ. "ಸವತಿ ಮುಂದೆ ಅಳೇ ಸೀರೇಲಿ ನಿಂತ್ಕೊಳ್ಳಾ?" ಎಂದಳು. ಚನ್ನರಾಯಪಟ್ಟಣ ದಾಟಿದರೂ ಬಸ್ಸಿನಲ್ಲಿ ಮಕ್ಕಳ ಹಾಡು ನಿಂತಿರಲಿಲ್ಲ. ಅವ್ವ ಮಾತ್ರ ತುಟಿ ಬಿಗಿದುಕೊಂಡು ಕೂತಿದ್ದಳು.

ಸಂಗ್ರಹಾಲಯದ ಅಂಗಳದಲ್ಲಿ ಮೂತಿ ಮೇಲೆತ್ತಿ ನಿಂತ ಕ್ಷಿಪಣಿಗಳ ಮುಂದೆ ಮಕ್ಕಳು ಫೋಟೋಗೆ ಮುಗಿಬಿದ್ದವು. ಅವ್ವ ಅತ್ತ ತಿರುಗಿಯೂ ನೋಡದೆ ಇಂಜಿನ್ನುಗಳ ಕೋಣೆಗೆ ನಡೆದಳು. ಮಂಡಿ ನೋವು ಎಲ್ಲಿ ಹೋಯಿತೋ! ಅಲ್ಲೊಂದು ಹಳೆಯ ಜೆಟ್ ಇಂಜಿನ್ನಿನ ಹೊದಿಕೆ ಕತ್ತರಿಸಿ, ಒಳಗಿನದೆಲ್ಲ ಕಾಣುವಂತೆ ಇಟ್ಟಿದ್ದರು. ಅದರ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. ಇನ್ನೇನು ಬೈಗುಳ ಶುರುವಾಗುತ್ತದೆ ಎಂದುಕೊಂಡೆ. ಬೈಯಲಿಲ್ಲ, ಬಗ್ಗಿದಳು.

"ಇಲ್ನೋಡವ್ವ, ತಂತಿ" ಎಂದು ನನ್ನನ್ನು ಕರೆದಳು.

ಬೋಲ್ಟುಗಳು ಸಡಿಲವಾಗದಂತೆ ಒಂದಕ್ಕೊಂದು ಸೇರಿಸಿ ಬಿಗಿದ ಸಣ್ಣ ತಂತಿ ಅದು. ಜಡೆಯಂತೆ ಹೊಸೆದು, ಚುಚ್ಚದ ಹಾಗೆ ತುದಿಯನ್ನು ಒಳಕ್ಕೆ ಮಡಚಿದ್ದರು. ಅಪ್ಪ ರಜೆಯಲ್ಲಿ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಮಾಡುತ್ತಿದ್ದುದು ಇದನ್ನೇ. ಬಾವಿಯ ರಾಟೆ, ಹಾಲಿನ ಕ್ಯಾನಿನ ಹಿಡಿ, ಹಿತ್ತಲ ಬಾಗಿಲ ಚಿಲಕ, ಏನೇ ಅಲುಗಾಡಿದರೂ ತಂತಿ ಹೊಸೆದು ತುದಿ ಮಡಚಿಬಿಡುತ್ತಿದ್ದರು. "ನನ್ತಾವ ಮಾತಾಡಕ್ಕೆ ಒತ್ತಿಲ್ಲ, ತಂತಿ ಸುತ್ತಕ್ಕೆ ಒತ್ತದೆ" ಎಂದು ಅವ್ವ ಗೊಣಗುತ್ತಿದ್ದಳು. ಆ ಗೊಣಗಾಟ, ತಲೆ ಬಗ್ಗಿಸಿ ಕೂತ ಅಪ್ಪನ ಬೆನ್ನು, ಎಲ್ಲ ಕಣ್ಣಿಗೆ ಕಟ್ಟಿತು.

"ಇದು ಅವ್ರದೇ ಕೈ ಕಣವ್ವ" ಎಂದಳು.

ಫಿಟ್ಟರುಗಳೆಲ್ಲ ಕಟ್ಟುವುದೇ ಹೀಗೆ, ಅದು ಅವರಿಗೆ ಕಲಿಸುವ ಪದ್ಧತಿ ಎಂದು ಅಪ್ಪನೇ ನನಗೆ ಹೇಳಿದ್ದರು. ನಾನೂ ಅವಳ ಪಕ್ಕ ಬಗ್ಗಿ ನೋಡಿದೆ.

"ತುದಿ ನೋಡು. ನನ್ ಕೈಗೆ ಚುಚ್ಚಬಾರ್ದು ಅಂತ ಎಂಗೆ ಮಡಚ್ತಿದ್ರೋ ಅಂಗೇ ಮಡಚವ್ರೆ. ಅವ್ಳಿಗೊಂದು, ನಂಗೊಂದು ಅಂತ ಮಾಡಿಲ್ಲ ಪುಣ್ಯಾತ್ಮ."

ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಕ್ಕಳು ಹಸಿವು ಎನ್ನುತ್ತಾ ಬಂದವು, ಹೊರಟೆವು. ಬಾಗಿಲ ಹತ್ತಿರ ಹೋದವಳು ನನ್ನ ತೋಳು ಹಿಡಿದು ನಿಂತು, ಹಿಂತಿರುಗಿ ಇಂಜಿನ್ನನ್ನು ನೋಡಿದಳು.

"ಪಾಪ, ಅವ್ಳಿಗೂ ಈಗ ಯಾರೂ ಇಲ್ವಲ್ಲವ್ವ."